ಒಂದು ಚಿಟ್ಟೆಯನ್ನು ಎರಡು ಸಲ ಅರೆಯುವುದಿಲ್ಲ

ಆಗ ನನಗೆ ನಲವತ್ತೊಂದು ವರ್ಷ. ಆ ಮಾತಿಗೆ ಈಗ ಮೂವತ್ತೊಂದು ವರ್ಷ ಆಯಿತು. ರಾಮನಗರದಿಂದ ಮಾಗಡಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಖಾಸಗಿ ಬಿತ್ತನೆ ಕೋಠಿ ಇತ್ತು. ರೇಷ್ಮೆ ಹುಳದ ಮೊಟ್ಟೆ ತಯಾರು ಮಾಡಿ ರೈತರಿಗೆ ಕೊಡುವ ಜಾಗಕ್ಕೆ ಬಿತ್ತನೆ ಕೋಠಿ ಎನ್ನುತ್ತಾರೆ. ನಾನು ಅಲ್ಲಿ ಚಿಟ್ಟೆ ಪರೀಕ್ಷೆ ಮಾಡುತ್ತಿದ್ದೆ. ಓದಿದ್ದು ಎರಡನೆಯ ಕ್ಲಾಸು. ಬಸ್ಸಿನ ಬೋರ್ಡು ಓದಲು, ಹೆಸರು ಗೀಚಲು ಬರುತ್ತಿತ್ತು. ಇದನ್ನು ಬರೆಯುವಷ್ಟು ಅಕ್ಷರ ಐವತ್ತು ದಾಟಿದ ಮೇಲೆ ಕಲಿತೆ.

ರೇಷ್ಮೆಗೆ ಅದು ಬಿಡುವಿಲ್ಲದ ಕಾಲ. ರಾಗಿ ಬೆಳೆಯುತ್ತಿದ್ದ ಹೊಲಗಳಿಗೆಲ್ಲ ಹಿಪ್ಪುನೇರಳೆ ಬಂದಿತ್ತು. ಕೋಣೆಯನ್ನು ಹುಳಕ್ಕೆ ಬಿಟ್ಟುಕೊಟ್ಟು ಮನೆಯವರೆಲ್ಲ ಜಗಲಿಯಲ್ಲಿ ಮಲಗುತ್ತಿದ್ದರು. ರಾಮನಗರದ ಗೂಡಿನ ಮಾರುಕಟ್ಟೆ ಮುಂದೆ ಬೆಳಿಗ್ಗೆ ಹೊತ್ತು ಕಾಲಿಡಲು ಜಾಗ ಇರುತ್ತಿರಲಿಲ್ಲ. ನಮ್ಮ ಕೋಠಿ ಬಾಗಿಲಲ್ಲಿ ಮೊಟ್ಟೆಗಾಗಿ ರೈತರು ಸರದಿ ನಿಲ್ಲುತ್ತಿದ್ದರು.

ನಮ್ಮ ಕೆಲಸ ಹೀಗೆ. ಬೆಳಕು ಹರಿಯುವ ಹೊತ್ತಿಗೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಗಂಡನ್ನೂ ಹೆಣ್ಣನ್ನೂ ಜೋಡಿ ಹಾಕಬೇಕು. ಮೂರು ನಾಲ್ಕು ಗಂಟೆ ಬಿಟ್ಟು ಜೋಡಿ ಬಿಡಿಸಬೇಕು. ಗಂಡನ್ನು ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಜೋಡಿಗೆ ಬಳಸುತ್ತೇವೆ. ಹೆಣ್ಣನ್ನು ಕಾಗದದ ಮೇಲಿಟ್ಟು ಕರಿ ಪ್ಲಾಸ್ಟಿಕ್ ಬಟ್ಟಲು ಕವುಚಿದರೆ ಆ ಕತ್ತಲಲ್ಲಿ ಮೊಟ್ಟೆ ಇಡುತ್ತದೆ. ಮಾರನೆಯ ದಿನ ಆ ತಾಯಿ ಚಿಟ್ಟೆಯನ್ನು ಕಲ್ಬತ್ತಿನಲ್ಲಿ ಹಾಕಿ, ಪೊಟ್ಯಾಷ್ ನೀರು ಬಿಟ್ಟು, ಅರೆಯಬೇಕು. ಆ ರಸದ ಒಂದು ತೊಟ್ಟನ್ನು ಗಾಜಿನ ಸ್ಲೈಡಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ನಾವು ಹುಡುಕುತ್ತಿದ್ದುದು ಗಂಟು ರೋಗವನ್ನು. ಅದು ತಾಯಿಯಿಂದ ಮೊಟ್ಟೆಗೆ ಹೋಗುತ್ತದೆ. ಅದರ ಬೀಜಾಣು ಮೊಟ್ಟೆಯಾಕಾರದ್ದು, ಬೆಳಕಿನಲ್ಲಿ ಹೊಳೆಯುತ್ತದೆ. ಒಂದೇ ಒಂದು ಕಂಡರೂ ಆ ತಾಯಿಯ ಮೊಟ್ಟೆಯನ್ನೆಲ್ಲ ಸುಡಬೇಕು. ಕಾಣದಿದ್ದರೆ ಚೊಕ್ಕ.

ಅಕ್ಷರ ಬಾರದವಳಿಗೆ ಆ ಹೊಳಪು ಗುರುತು ಹಿಡಿಯಲು ಬರುತ್ತಿತ್ತು. ಯಜಮಾನರು ಓದಿದ ಹುಡುಗರ ಸ್ಲೈಡನ್ನು ಇನ್ನೊಮ್ಮೆ ನೋಡುತ್ತಿದ್ದರು, ನನ್ನದನ್ನು ನೋಡುತ್ತಿರಲಿಲ್ಲ. ತಾಯಮ್ಮ ನೋಡಿದ ಮೇಲೆ ಮುಗೀತು ಎನ್ನುತ್ತಿದ್ದರು. ಆ ಮಾತು ನನಗೆ ಹಿಡಿಸುತ್ತಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ.

ಜೋಡಿ ಬಿಡಿಸುವ ಕೆಲಸಕ್ಕೆ ಮಹದೇವಿ ಎಂಬುವಳು ಇದ್ದಳು. ಇಪ್ಪತ್ತನಾಲ್ಕು ವರ್ಷ, ಕನಕಪುರದ ಕಡೆಯ ಹಳ್ಳಿಯವಳು, ರಾಮನಗರಕ್ಕೆ ಮದುವೆಯಾಗಿ ಬಂದವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಬಿಡದ ಗಂಡು ಚಿಟ್ಟೆಯನ್ನು ಮೆಲ್ಲಗೆ ತಿರುವಿ ಬಿಡಿಸುತ್ತಾ, "ಸಾಕು ಬುಡಪ್ಪ ಯಜಮಾನ, ಒಸಿ ಉಸ್ರಾಡು. ಮಧ್ಯಾಹ್ನಕ್ಕೆ ಇನ್ನೊಬ್ಬಳು ಕಾಯ್ತಾವ್ಳೆ" ಎನ್ನುವಳು. ಹೆಂಗಸರೆಲ್ಲ ನಗುತ್ತಿದ್ದೆವು. ರೆಕ್ಕೆ ಹುಡಿ ಮೂಗಿಗೆ ಹೋಗಿ ಕೆಮ್ಮುತ್ತಲೇ ನಗುತ್ತಿದ್ದೆವು.

ಅವಳ ಗಂಡ ರೇಷ್ಮೆ ನೂಲನ್ನು ದೂರದ ನೇಕಾರರ ಊರುಗಳಿಗೆ ಒಯ್ಯುವವನು. ತಿಂಗಳಾನುಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಒಂದು ಸಲ ಬಂದವನು ಸೊರಗಿ ಬಂದ, ಹದಿನೈದು ದಿನಕ್ಕೆ ಹಾಸಿಗೆ ಹಿಡಿದ. ಬಂದು ಎರಡು ತಿಂಗಳು ತುಂಬುವುದರೊಳಗೆ ಸತ್ತ. ಭೇದಿ, ಜ್ವರ, ಮೈಯಲ್ಲಿ ಮೂಳೆ ಬಿಟ್ಟು ಏನೂ ಉಳಿದಿರಲಿಲ್ಲ. ಸಾಯುವ ಮುಂಚೆ ರಕ್ತ ನೋಡಿದವರು ಎಚ್‌ಐವಿ ಎಂದರು. ನಮ್ಮ ಕಡೆ ಆ ಹೆಸರನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ರೋಗ ಎನ್ನುತ್ತಿದ್ದರು. ಹೆಂಡತಿಯ ರಕ್ತವನ್ನೂ ಬೆಂಗಳೂರಿನಲ್ಲಿ ನೋಡಿಸಿ ಎಂದರು.

ಅವಳ ಜೊತೆ ಹೋಗಲು ಯಾರೂ ಇರಲಿಲ್ಲ. ನಾನು ಹೋದೆ. ನನ್ನ ಗಂಡ ತೀರಿ ಆಗಲೇ ಒಂಬತ್ತು ವರ್ಷ, ಕೇಳುವವರಿಲ್ಲ. ರಕ್ತ ಕೊಟ್ಟು ಬಂದು, ಒಂದು ವಾರ ಬಿಟ್ಟು ಮತ್ತೆ ರೈಲು ಹತ್ತಿದೆವು. ಕನ್ನಡಕದ ಒಬ್ಬರು ಡಾಕ್ಟರಮ್ಮ ಕಾಗದ ನೋಡಿ ಹೇಳಿದರು.

"ಈಗ ಇಲ್ಲ ಅಂತ ಬಂದಿದೆ. ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ಬರಬೇಕು. ಮರೀಬೇಡಿ."

ಯಾಕೆ ಎಂದು ನಾನು ಕೇಳಲಿಲ್ಲ. ಬಾಗಿಲಾಚೆ ಜನ ಗಿಜಿಗುಡುತ್ತಿದ್ದರು, ಅವರೂ ಬಿಡಿಸಿ ಹೇಳಲಿಲ್ಲ. ಚೀಟಿಯಲ್ಲಿ ಏನೋ ಬರೆದುಕೊಟ್ಟರು. ಇಂಗ್ಲಿಷಿನಲ್ಲಿತ್ತು. ಮಹದೇವಿ ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ರೈಲು ಬಿಡದಿ ದಾಟುತ್ತಿತ್ತು. ಮಹದೇವಿ ಕೇಳಿದಳು.

"ಅಕ್ಕ, ಇಲ್ಲ ಅಂದ್ಮೇಲೆ ಮತ್ತೆ ಯಾಕೆ ಬಾ ಅಂದ್ರು?"

"ಆಸ್ಪತ್ರೇವ್ರು ಹಂಗೇ ಅಂತಾರೆ ಕಣೆ. ಇಲ್ಲ ಅಂದ್ರೆ ಇಲ್ಲ. ನಾನು ಒಂದು ಚಿಟ್ಟೆನ ಎರಡು ಸಲ ಅರೀತೀನಾ?"

ಗಂಡ ಸತ್ತ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. "ಒಂದ್ಸಲ ಅರೆದ್ಮೇಲೆ ಚಿಟ್ಟೆ ಎಲ್ಲಿರ್ತದೆ ಅಕ್ಕ, ಎರಡ್ನೇ ಸಲಕ್ಕೆ" ಎಂದಳು. ನಾನೂ ನಕ್ಕೆ. ಕಿಟಕಿಯಿಂದ ಬಿಸಿಲು ಅವಳ ಮಡಿಲಿಗೆ ಬೀಳುತ್ತಿತ್ತು. ಈಗಲೂ ರೈಲಿನಲ್ಲಿ ಬಿಡದಿ ಬಂದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಕಣ್ಣು ಮುಚ್ಚಿದರೆ ಆ ನಗು ಕೇಳಿಸುತ್ತದೆ, ತೆರೆದರೆ ಆ ಬಿಸಿಲು ಕಾಣುತ್ತದೆ. ಯಾವುದು ವಾಸಿ ಎಂದು ಇನ್ನೂ ಗೊತ್ತಾಗಿಲ್ಲ.

ಮೂರು ತಿಂಗಳಾದಾಗ ಅವಳಾಗಿಯೇ ಬಂದು ರಜ ಕೇಳಿದಳು. ಹೆಂಗಸರ ರಜ ನನ್ನ ಕೈಯಲ್ಲಿತ್ತು. ಮಾರನೆಯ ದಿನ ಚಿಟ್ಟೆ ಬೀಳುವ ದಿನ. ಚಿಟ್ಟೆ ಗೂಡಿನಿಂದ ಹೊರಗೆ ಬಂದರೆ ಕಾಯುವುದಿಲ್ಲ, ಅವತ್ತೇ ಜೋಡಿ ಆಗಬೇಕು, ಅವತ್ತೇ ಮೊಟ್ಟೆ ಇಡಬೇಕು. ಅಂಥ ದಿನ ಕೋಠಿಯಲ್ಲಿ ಹೆತ್ತ ತಾಯಿ ಸತ್ತರೂ ಮಧ್ಯಾಹ್ನದವರೆಗೆ ಬಿಡುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದೆವು.

"ನಾಳೆ ಆಗಕ್ಕಿಲ್ಲ. ಇನ್ಯಾವತ್ತಾರ ಹೋಗು" ಎಂದೆ.

ಹದಿನೈದು ದಿನ ಬಿಟ್ಟು ಮತ್ತೆ ಕೇಳಿದಳು. ಆಗ ಇನ್ನೊಂದು ತಂಡದ ಗೂಡು ಬಂದಿತ್ತು. "ನಿಂಗೇನು ಬೆಂಗ್ಳೂರು ನೋಡೋ ಆಸೇನಾ? ಇಲ್ಲ ಅಂತ ಬರ್ದು ಕೊಟ್ಟವ್ರಲ್ಲ, ಮತ್ತೇನ್ ಬೇಕು" ಎಂದು ರೇಗಿದೆ. ಮೂರನೆಯ ಸಲ ಅವಳು ಕೇಳಲಿಲ್ಲ.

ನನ್ನ ತಮ್ಮ ಮರಿಸ್ವಾಮಿ ಬೈರಮಂಗಲದ ಹತ್ತಿರ ಬಿತ್ತನೆ ಗೂಡು ಬೆಳೆಯುತ್ತಿದ್ದ. ಆಗ ಅವನಿಗೆ ಮೂವತ್ತನಾಲ್ಕು. ಹೆಂಡತಿ ಕಾಮಾಲೆಯಲ್ಲಿ ಹೋಗಿದ್ದಳು, ಮಕ್ಕಳಿರಲಿಲ್ಲ. ಗೂಡು ತಂದವನು ಇಳಿಸಿ ಹೋಗದೆ ಜೋಡಿ ಬಿಡಿಸುವ ಮೇಜಿನ ಹತ್ತಿರ ಸುಳಿಯತೊಡಗಿದ. ಮಹದೇವಿ ಅವನಿಗೆ ಕೇಳುವಂತೆ ಚಿಟ್ಟೆಗೆ ಬಯ್ಯುವಳು: "ಏನಯ್ಯ, ಕೆಲ್ಸ ಇಲ್ವಾ ನಿಂಗೆ, ಇಲ್ಲೇ ಅಂಟ್ಕೊಂಡಿದ್ದೀಯ." ಅವನು ಕಿವಿಯವರೆಗೆ ಕೆಂಪಾಗುವನು.

ಕೂಡಾವಳಿ ನಮ್ಮಲ್ಲಿ ಇದ್ದ ಪದ್ಧತಿ. ಗಂಡ ಸತ್ತವಳನ್ನು ಇನ್ನೊಬ್ಬ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. ಓಲಗ ಇಲ್ಲ, ಚಪ್ಪರ ಇಲ್ಲ, ನಾಲ್ಕು ಜನ ಹಿರಿಯರಿದ್ದರೆ ಆಯಿತು. ನಾನೇ ಮಹದೇವಿ ಹತ್ತಿರ ಮಾತು ತೆಗೆದೆ.

"ಕೋಠೀಲಿ ಗಂಡು ಚಿಟ್ಟೆಗೆ ಎರಡ್ನೇ ಜೋಡಿ ಹಾಕ್ತೀವಿ. ನಿಂಗ್ಯಾಕೆ ಬ್ಯಾಡ?"

"ಅದು ಗಂಡು ಕಣಕ್ಕ. ಹೆಣ್ಣನ್ನ ಅರೆದ್ಬುಟ್ಟು ಸ್ಲೈಡ್ ಮಾಡ್ತೀಯ ನೀನು."

ಅವತ್ತು ಅದನ್ನು ನಗೆಮಾತು ಎಂದುಕೊಂಡೆ.

ಮರಿಸ್ವಾಮಿ ಒಂದೇ ಒಂದು ಮಾತು ಕೇಳಿದ. "ಅಕ್ಕ, ಅವಳ ಗಂಡ ಸತ್ತಿದ್ದು ಆ ರೋಗದಾಗೆ ಅಂತಾರೆ. ಇವ್ಳಿಗೆ?"

"ನಾನೇ ಕರ್ಕೊಂಡ್ಹೋಗಿ ನೋಡ್ಸಿವ್ನಿ ಕಣ್ಲಾ. ಚೊಕ್ಕವಾಗವ್ಳೆ."

"ನೀನ್ ನೋಡಿದ್ಮೇಲೆ ಮುಗೀತು ಬುಡು" ಎಂದ.

ಕೂಡಾವಳಿ ಆಯಿತು. ಮರು ವರ್ಷ ಹೆಣ್ಣು ಮಗು ಹುಟ್ಟಿತು. ಮೂವರೂ ಕಣ್ಣಿಗೆ ಆರೋಗ್ಯವಾಗಿದ್ದರು. ಮಹದೇವಿ ಮೈ ತುಂಬಿಕೊಂಡಿದ್ದಳು. ತಮ್ಮ ಹುಳದ ಮನೆಗೆ ಹೊಸ ತಟ್ಟೆ ತಂದ. ನೋಡಿದವರು ತಾಯಮ್ಮ ಒಳ್ಳೇ ಕೆಲಸ ಮಾಡಿದಳು ಎಂದರು. ನಾನೂ ಹೌದು ಎಂದುಕೊಂಡೆ.

ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಅದು ಬೆಳೆಯುವುದು ನಿಲ್ಲಿಸಿತು. ಭೇದಿ ಕಟ್ಟುತ್ತಿರಲಿಲ್ಲ. ಬಾಯಿಯೊಳಗೆ ಬಿಳಿ ಪೊರೆ ಬೆಳೆಯಿತು. ಒರೆಸಿದರೆ ಹೋಗುವುದು, ಮಾರನೆಯ ದಿನಕ್ಕೆ ಮತ್ತೆ ಬರುವುದು. ಊರಿನ ಔಷಧಿ, ಬಿಡದಿಯ ಡಾಕ್ಟರು, ಎಲ್ಲ ಆಯಿತು. ಒಂದು ದಿನ ಅದರ ಬಾಯಿ ಒರೆಸುತ್ತಿದ್ದ ಮಹದೇವಿ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಅವಳ ಮೊದಲ ಗಂಡನ ಬಾಯಲ್ಲೂ ಅದೇ ಪೊರೆ ಇತ್ತು, ಅದನ್ನು ಒರೆಸಿದವಳು ಅವಳೇ.

ಮತ್ತೆ ಬೆಂಗಳೂರು, ಅದೇ ಆಸ್ಪತ್ರೆ. ಪುಣ್ಯಕ್ಕೋ ಪಾಪಕ್ಕೋ ಅದೇ ಡಾಕ್ಟರಮ್ಮ. ಮಹದೇವಿಯ ರಕ್ತ ತೆಗೆದರು. ವಾರ ಬಿಟ್ಟು ಹೋದಾಗ ಕಾಗದ ಬಂದಿತ್ತು. ಮರಿಸ್ವಾಮಿಯನ್ನು ರಕ್ತ ಕೊಡಲು ಬೇರೆ ಕೋಣೆಗೆ ಕಳಿಸಿ, ನಮ್ಮಿಬ್ಬರನ್ನು ಕೂರಿಸಿ, ಇದೆ ಎಂದರು. ಮಗುವಿಗೂ ಇದ್ದಂತೆಯೇ ಎಂದರು. ಹೊಟ್ಟೆಯಲ್ಲಿದ್ದಾಗಲೋ, ಹೆರಿಗೆಯಲ್ಲೋ, ಮೊಲೆಹಾಲಿನಲ್ಲೋ ಹೋಗಿರುತ್ತದೆ ಎಂದರು.

ನನಗೆ ರೇಗಿತು. "ನೀವೇ ಅಲ್ವಾ ಇಲ್ಲ ಅಂತ ಬರ್ದು ಕೊಟ್ಟಿದ್ದು? ಆಗ ಸರಿಯಾಗಿ ನೋಡ್ಲಿಲ್ವಾ? ನನ್ನ ಕೋಠೀಲಿ ಹಿಂಗ್ ನೋಡಿದ್ರೆ ಕೆಲ್ಸದಿಂದ ತೆಗೀತಾರೆ" ಎಂದೆ.

ಡಾಕ್ಟರಮ್ಮನಿಗೆ ಸಿಟ್ಟು ಬರಲಿಲ್ಲ. "ನೀವೇನು ಕೆಲಸ ಮಾಡ್ತೀರಿ?" ಎಂದರು. ಹೇಳಿದೆ. ಚಿಟ್ಟೆ ಅರೆಯುವುದು, ಸ್ಲೈಡು, ಬೀಜಾಣು, ಎಲ್ಲ. ಗಮನ ಇಟ್ಟು ಕೇಳಿದರು.

"ನೀವು ನೋಡೋದು ರೋಗದ ಬೀಜಾನೇ ಅಲ್ವಾ? ಕಣ್ಣಿಗೆ ಅದೇ ಕಾಣುತ್ತೆ. ನಾವು ಮಾಡೋ ಪರೀಕ್ಷೇಲಿ ಅದು ಕಾಣಲ್ಲಮ್ಮ. ರೋಗ ಒಳಗೆ ಬಂದಾಗ ಮೈ ಅದರ ಮೇಲೆ ಆಯುಧ ತಯಾರು ಮಾಡುತ್ತೆ, ಆ್ಯಂಟಿಬಾಡಿ ಅಂತ. ನಾವು ಹುಡುಕೋದು ಆ ಆಯುಧಾನ. ಅದು ರಕ್ತದಲ್ಲಿ ಕಾಣೋಷ್ಟು ಆಗೋಕೆ ವಾರಗಳು ಬೇಕು, ಕೆಲವರಿಗೆ ಮೂರು ತಿಂಗಳು. ಅಷ್ಟರೊಳಗೆ ನೋಡಿದ್ರೆ ರೋಗ ಒಳಗಿರುತ್ತೆ, ಕಾಗದ ಇಲ್ಲ ಅನ್ನುತ್ತೆ. ಅದಕ್ಕೇ ಮತ್ತೆ ಬನ್ನಿ ಅಂದಿದ್ದು."

ಆದರೂ ನಾನು ಬಿಡಲಿಲ್ಲ. ಮೈ ಆಯುಧ ತಯಾರು ಮಾಡಿದ ಮೇಲೆ ಅದನ್ನು ಕೊಲ್ಲಬೇಕಲ್ಲ, ಯಾಕೆ ಕೊಲ್ಲಲಿಲ್ಲ ಎಂದು ಕೇಳಿದೆ. ಆಮೇಲೆ ಅವರು ಹೇಳಿದ್ದನ್ನು ನಾನು ಅಕ್ಷರಕ್ಕೆ ಅಕ್ಷರ ಮರೆತಿಲ್ಲ. ಮರೆಯಲು ನೋಡಿದ್ದೇನೆ.

ನಮ್ಮ ರಕ್ತದಲ್ಲಿ ಬಿಳಿ ಕಣಗಳು ಕಾವಲಿಗೆ ಇರುತ್ತವಂತೆ. ಅವುಗಳಲ್ಲಿ ಒಂದು ಜಾತಿಯ ಕೆಲಸ ಮುಖ್ಯವಾಗಿ ಕೂಗುವುದು. ಕಳ್ಳ ಬಂದ, ಏಳಿ ಎಂದು ಉಳಿದವರನ್ನು ಎಬ್ಬಿಸುವುದು. ಅದಕ್ಕೆ ಸಿಡಿ ಫೋರ್ ಕಣ ಎಂದು ಹೆಸರು ಹೇಳಿದರು. ಈ ವೈರಸ್ಸು ಹುಡುಕಿಕೊಂಡು ಹೋಗುವುದು ಆ ಕೂಗುವವನ ಮನೆಗೇ. ಹೊಕ್ಕು, ಅವನ ಮನೆಯ ಬರಹದೊಳಗೆ ತನ್ನ ಬರಹವನ್ನೂ ಸೇರಿಸಿಬಿಡುತ್ತದೆ. ಆಮೇಲೆ ಅವನು ಕಾವಲಿಗೆ ಎದ್ದಾಗಲೆಲ್ಲ ಅದರ ಮರಿಗಳನ್ನೂ ತಯಾರಿಸಿಕೊಡುತ್ತಾನೆ. ಕೂಗುವವರು ಒಬ್ಬೊಬ್ಬರೇ ಸಾಯುತ್ತಾರೆ. ಎಬ್ಬಿಸುವವರಿಲ್ಲದೆ ಉಳಿದ ಕಾವಲು ಮಲಗಿಬಿಡುತ್ತದೆ. ಆಗ ಭೇದಿ, ಜ್ವರ, ಬಾಯಿಯ ಪೊರೆ, ಯಾವುದು ಬೇಕಾದರೂ ನುಗ್ಗಬಹುದು. ಕೊಲ್ಲುವುದು ಅವು. ಬಾಗಿಲು ತೆಗೆದುಕೊಟ್ಟದ್ದು ಇದು.

ಆಯುಧ ತಾಗುವುದಿಲ್ಲವೇ ಎಂದರೆ, ತಾಗುತ್ತದೆ, ಆದರೆ ತಡ ಎಂದರು. ಒಂದೊಂದು ಆಯುಧ ಒಂದೊಂದು ಬೀಗಕ್ಕೆ ಮಾಡಿದ ಬೀಗದ ಕೈ ಇದ್ದಂತೆ. ಈ ವೈರಸ್ಸು ತನ್ನನ್ನು ತಾನು ನಕಲು ಮಾಡುವಾಗ ತಪ್ಪು ತಪ್ಪಾಗಿ ಮಾಡುತ್ತದೆ. ಆ ತಪ್ಪೇ ಅದಕ್ಕೆ ಲಾಭ. ಒಂದು ಮರಿಯ ಮುಖದಂತೆ ಇನ್ನೊಂದು ಮರಿಯ ಮುಖ ಇರುವುದಿಲ್ಲ. ಮೈ ಒಂದು ಮುಖ ಕಲಿತು ಬೀಗದ ಕೈ ಮಾಡುವಷ್ಟರಲ್ಲಿ ಬೀಗವೇ ಬೇರೆ ಆಗಿರುತ್ತದೆ. ಅದಲ್ಲದೆ ನಮ್ಮ ಮೈಯ ಸಕ್ಕರೆಯನ್ನೇ ಹೊದ್ದುಕೊಂಡು ಓಡಾಡುತ್ತದೆ. ಕಾವಲಿನವರಿಗೆ ಮನೆಯವನೇ ಎನ್ನಿಸುತ್ತದೆ. ಕೆಲವು ಮರಿಗಳು ಏನೂ ಮಾಡದೆ, ಮಲಗಿದ ಕಣದೊಳಗೆ ತಾವೂ ಮಲಗಿ, ವರ್ಷಗಟ್ಟಲೆ ಇರುತ್ತವೆ. ಅವನ್ನು ಯಾರೂ ಮುಟ್ಟಲಾರರು.

"ಹುಳಕ್ಕೆ ಊಜಿ ನೊಣ ಕೂತ್ರೆ ಮೈ ಮೇಲೆ ಕರೀ ಚುಕ್ಕೆ ಬೀಳ್ತದೆ. ಇದಕ್ಕೆ ಅಂಥ ಗುರುತು ಏನೂ ಇಲ್ವಾ?" ಎಂದೆ.

"ಇಲ್ಲಮ್ಮ. ಇದು ಗೆಲ್ಲೋದೇ ಸುಮ್ಮನಿದ್ದು."

ಸುಮ್ಮನಿರುವುದು ಏನು ಎಂದು ನನಗೂ ಆಮೇಲೆ ಗೊತ್ತಾಯಿತು.

ಔಷಧಿ ಕೇಳಿದೆ. ಹೊರದೇಶದಲ್ಲಿ ಇದೆ, ನಿಮಗೆ ಎಟುಕುವಂಥದ್ದಲ್ಲ, ಗುಣ ಮಾಡುವಂಥದ್ದೂ ಅಲ್ಲ ಎಂದರು. ಮಹದೇವಿ ಮಗುವನ್ನು ಎದೆಗೆ ಅವುಚಿಕೊಂಡು ಇಷ್ಟನ್ನೂ ಕೇಳುತ್ತಿದ್ದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಅವತ್ತು ಮೂರು ತಿಂಗ್ಳಿಗೆ ಬಂದಿದ್ರೆ ಕಾಣ್ತಿತ್ತಾ?"

"ಕಾಣ್ತಿತ್ತು" ಎಂದರು ಡಾಕ್ಟರಮ್ಮ.

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮರಿಸ್ವಾಮಿಗೂ ಇತ್ತು. ಅದು ಗೊತ್ತಾದ ದಿನ ಮಧ್ಯಾಹ್ನ ಅವನು ಜಗಲಿಯಲ್ಲಿ ಕೂತಿದ್ದ. ನಾನು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದೆ. ಮಹದೇವಿ ಬಾಗಿಲ ಹತ್ತಿರ ನಿಂತಿದ್ದಳು. ಅವನು ಅವಳನ್ನು ಕೇಳಿದ.

"ಆಸ್ಪತ್ರೇಲಿ ಒಬ್ಳು ನರ್ಸಮ್ಮ ಹೇಳಿದ್ಲು. ಮೊದ್ಲೇ ನಿಂಗೆ ಮತ್ತೆ ಬಾ ಅಂದಿದ್ರಂತೆ. ಹೌದಾ?"

"ಅಂದಿದ್ರು."

"ಹೋದ್ಯಾ?"

"ಇಲ್ಲ. ನಾನೇ ಹೋಗ್ಲಿಲ್ಲ."

ಆಗ ಒಂದು ಸಲ ನನ್ನನ್ನು ನೋಡಿದಳು. ನಾನು ಸೊಪ್ಪು ನೋಡಿದೆ. ಒಂದು ಎಲೆಯ ತೊಟ್ಟಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಅದನ್ನೇ ನೋಡಿದೆ. ಹೇಳಲು ನಾಲ್ಕೇ ಮಾತು ಸಾಕಿತ್ತು. ಅವಳು ಕೇಳಿದಳು, ನಾನು ಬಿಡಲಿಲ್ಲ. ಅಷ್ಟೇ. ಆ ನಾಲ್ಕು ಮಾತು ಬಾಯಿಂದ ಹೊರಡಲಿಲ್ಲ.

"ಹಂಗಾರೆ ಗೊತ್ತಿದ್ದೂ ನನ್ ಮನೆ ತುಂಬಿದ್ಯಾ? ಎದ್ದು ಹೋಗು" ಎಂದ.

ಸಂಜೆಯ ಬಸ್ಸಿಗೆ ಅವಳನ್ನು ಬಿಡಲು ನಾನೇ ಗಂಟು ಹೊತ್ತುಕೊಂಡು ಹೋದೆ. ಮಗು ನಿದ್ದೆ ಮಾಡುತ್ತಿತ್ತು. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ನಿನ್ ಹೆಸ್ರು ಹೇಳಿದ್ರೆ ನಿನ್ನೂ ದೂರ ಮಾಡ್ತಿದ್ದ. ಅವನು ಮಲಗಿದಾಗ ಗಂಜಿ ಕಾಯ್ಸೋರು ಯಾರು? ನಾನಂತೂ ಇರಾಕಿಲ್ಲ" ಎಂದಳು. ಬಸ್ಸು ಬಂತು. ಹತ್ತಿದಳು.

ಅವಳ ತವರಿನಲ್ಲಿ ಸುದ್ದಿ ಅವಳಿಗಿಂತ ಮುಂಚೆ ಮುಟ್ಟಿತ್ತು. ಅಣ್ಣಂದಿರು ಅವಳನ್ನು ಹಳೆಯ ಹುಳದ ಮನೆಯಲ್ಲಿ ಇರಿಸಿದರು. ಅದು ಹುಳ ಸಾಕುವುದನ್ನು ಬಿಟ್ಟ ಮನೆ, ಕಿಟಕಿ ಇಲ್ಲ. ಹಿಪ್ಪುನೇರಳೆ ಸೊಪ್ಪು ಮುಟ್ಟಬೇಡ, ಹುಳಕ್ಕೆ ಸೋಂಕುತ್ತದೆ ಎಂದರು. ಮನುಷ್ಯರ ರೋಗ ಹುಳಕ್ಕೆ ಬರುವುದಿಲ್ಲ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ರೋಗಕ್ಕಿಂತ ದೊಡ್ಡದು ಆ ಬೀದಿಯವರ ಇನ್ನೊಂದು ಮಾತು. ಗೊತ್ತಿದ್ದೂ ಒಂದು ಮನೆ ಹಾಳು ಮಾಡಿದವಳು ಎಂದು. ರೋಗ ಸೋಂಕಿದವಳ ಜೊತೆ ನೀರಿಗೆ ಹೋಗಲು ಹೆದರುವವರು ಒಬ್ಬಿಬ್ಬರು, ಮೋಸಗಾರ್ತಿಯ ಜೊತೆ ಹೋಗಲು ಒಲ್ಲೆ ಎನ್ನುವವರು ಎಲ್ಲರೂ. ಈ ಸುದ್ದಿಯೆಲ್ಲ ಕನಕಪುರದಿಂದ ಗೂಡು ತರುವವರ ಬಾಯಲ್ಲಿ ನನಗೆ ಬರುತ್ತಿತ್ತು. ಕೇಳಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುತ್ತಿದ್ದೆ.

ಆಗ ಶುರುವಾದದ್ದು ಇನ್ನೂ ಬಿಟ್ಟಿಲ್ಲ. ಮೊದಲು ಸ್ಲೈಡಿನಲ್ಲಿ ಹೊಳೆಯುವ ಚುಕ್ಕೆ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಆಮೇಲೆ ಏನೂ ಇಲ್ಲದ ಸ್ಲೈಡು ಕಂಡರೆ ಹೆದರಿಕೆಯಾಗತೊಡಗಿತು. ಬೆಳಗಿನ ಬಿಳಿ ಬೆಳಕು, ಅದರಲ್ಲಿ ಚಿಟ್ಟೆಯ ರಸ, ಬೇರೆ ಏನೂ ಇಲ್ಲ. ಆ ಏನೂ ಇಲ್ಲದ ಜಾಗದ ಹಿಂದೆ ಯಾರೋ ಉಸಿರು ಬಿಗಿಹಿಡಿದು ಕೂತಿದ್ದಾರೆ ಅನ್ನಿಸುತ್ತಿತ್ತು. ಒಂದೊಂದು ಸ್ಲೈಡನ್ನು ಮೂರು ಮೂರು ಸಲ ನೋಡಿದೆ. ಯಜಮಾನರು ಕಣ್ಣು ಮಂಜಾಯಿತೇ ಎಂದು ಕೇಳಿದರು. ಮಂಜಾಗಿರಲಿಲ್ಲ.

ಅವಳು ಹೋದ ಆರನೆಯ ತಿಂಗಳಲ್ಲಿ ಮಗು ಸತ್ತ ಸುದ್ದಿ ಬಂತು. ಮಣ್ಣು ಮಾಡಿ ಆಗಲೇ ಎರಡು ದಿನವಾಗಿತ್ತು. ನಾನು ಗಂಜಿ ಮಾಡಿಕೊಂಡು ತಮ್ಮನ ಮನೆಗೆ ಹೋಗಿ ಹೇಳಿದೆ. ಅವನು ಆಗಲೇ ಸೊರಗಿದ್ದ. ಗೋಡೆಗೆ ಒರಗಿಕೊಂಡ. ಆಮೇಲೆ, "ಅವ್ಳು ಬಚ್ಚಿಟ್ಟಿದ್ದು ಆ ಕೂಸನ್ನೂ ತಿಂತು" ಎಂದ.

ಅಲ್ಲಿಯವರೆಗೆ ತಡೆದಿದ್ದೆ. ಆ ಮಾತು ಕೇಳಿದ ಮೇಲೆ ಆಗಲಿಲ್ಲ.

"ಅವ್ಳು ಬಚ್ಚಿಡ್ಲಿಲ್ಲ ಕಣ್ಲಾ. ಹೋಗ್ತೀನಿ ಅಂತ ರಜ ಕೇಳಿದ್ಲು. ನಾನು ಕೊಡ್ಲಿಲ್ಲ. ಬ್ಯಾಡ ಅಂದೋಳು ನಾನು. ಚೊಕ್ಕ ಅಂತ ನಿಂಗೆ ಹೇಳಿದೋಳೂ ನಾನೇ."

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಲಿಲ್ಲ.

"ಎಷ್ಟು ಸಲ ಕೇಳಿದ್ಲು?"

"ಎರಡು ಸಲ."

ಗಂಜಿಯ ಪಾತ್ರೆಯನ್ನು ನಿಧಾನವಾಗಿ ನನ್ನ ಕಡೆಗೆ ಸರಿಸಿದ. "ಇದನ್ನ ನಂಗೆ ಹೇಳಿ ಏನಾಗ್ಬೇಕು? ಅವ್ಳ ಊರಾಗೆ ಹೇಳು. ಹೇಳೋವರ್ಗೂ ಈ ಮನೆಗೆ ಬರ್ಬ್ಯಾಡ" ಎಂದ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ನೋಡುವವಳು ತಾನು ಏನನ್ನು ನೋಡುತ್ತಿದ್ದೇನೆ ಎಂದು ತಿಳಿದಿರಬೇಕು. ನನ್ನ ಸ್ಲೈಡಿನಲ್ಲಿ ನಾನು ಬೀಜ ನೋಡುತ್ತಿದ್ದೆ, ಅವರ ಕಾಗದದಲ್ಲೂ ಬೀಜವೇ ಇರುತ್ತದೆ ಎಂದುಕೊಂಡೆ. ಒಂದು ಕಸುಬಿನಲ್ಲಿ ಪಳಗಿದ ಕಣ್ಣು ಇನ್ನೊಂದು ಕಸುಬಿನ ಮುಂದೆ ಕುರುಡು. ಕೇಳಿದ್ದರೆ ಡಾಕ್ಟರಮ್ಮ ಹೇಳುತ್ತಿದ್ದರು. ಕೇಳಲಿಲ್ಲ, ಯಾಕೆಂದರೆ ನನಗೆ ಗೊತ್ತಿತ್ತು. ಗೊತ್ತಿದೆ ಅನ್ನಿಸಿದಾಗ ಇನ್ನೊಂದು ಸಲ ಕೇಳಿ. ಇದನ್ನು ಹೊಸದಾಗಿ ಬಂದ ಹುಡುಗಿಯರಿಗೆಲ್ಲ ಹೇಳುತ್ತಿದ್ದೆ. ಯಾಕೆ ಹೇಳುತ್ತೇನೆ ಎಂದು ಮಾತ್ರ ಹೇಳುತ್ತಿರಲಿಲ್ಲ.

ತಮ್ಮ ಅದಾದ ಮೇಲೆ ನಾಲ್ಕು ವರ್ಷ ಇದ್ದ. ಗಂಜಿ ನಾನೇ ಕಾಯಿಸಿದೆ. ಮಹದೇವಿ ಗಟ್ಟಿ. ಸರ್ಕಾರದ ಮಾತ್ರೆ ಬರುವವರೆಗೂ ಹೇಗೋ ಉಳಿದಳು. ಈಗಲೂ ಇದ್ದಾಳೆ. ಸಿಕ್ಕರೆ ಮಾತಾಡುತ್ತೇವೆ, ಬೇಕಾದಷ್ಟು.

ಅವಳ ಊರಲ್ಲಿ ಹೇಳು ಎಂದು ತಮ್ಮ ಹೇಳಿದ ಮಾರನೆಯ ಬೆಳಿಗ್ಗೆ ಕೋಠಿಯಲ್ಲಿ ಚಿಟ್ಟೆ ಬೀಳುವ ದಿನ. ನಾನು ಹೋಗಲಿಲ್ಲ. ಕನಕಪುರದ ಮೊದಲ ಬಸ್ಸು ಹತ್ತಿ, ಇಳಿದು, ಅವಳ ಹಳ್ಳಿಗೆ ನಡೆದೆ. ಅವಳ ಮನೆಗೆ ಮೊದಲು ಹೋಗಲಿಲ್ಲ. ಬೀದಿಯ ತುದಿಯ ಮನೆಯ ಬಾಗಿಲು ತಟ್ಟಿದೆ.

"ನಾನು ಮಹದೇವಿ ಗಂಡನ ಅಕ್ಕ. ಅವ್ಳು ಯಾರ್ಗೂ ಮೋಸ ಮಾಡಿಲ್ಲ. ಮತ್ತೆ ರಕ್ತ ನೋಡ್ಸ್ಕೋಬೇಕು ಅಂತ ಎರಡು ಸಲ ಕೇಳಿದ್ಲು. ಹೋಗ್ಬ್ಯಾಡ ಅಂದೋಳು ನಾನು. ಇದನ್ನ ಹೇಳಾಕೆ ಬಂದಿವ್ನಿ."

ಮುಂದಿನ ಮನೆಗೂ ಅಷ್ಟೇ ಹೇಳಿದೆ. ಒಬ್ಬಳು ಬಾಗಿಲು ಹಾಕಿಕೊಂಡಳು, ಹಾಕಿದ ಬಾಗಿಲಿಗೇ ಹೇಳಿದೆ. ಒಬ್ಬ ಮುದುಕ, "ಇಷ್ಟು ದಿನ ನಿನ್ ಬಾಯಿಗೆ ಏನಾಗಿತ್ತು?" ಎಂದ. ಮುಂದಿನ ಬಾಗಿಲಿಗೆ ಹೋದೆ. ಒಬ್ಬಳು ಉಗಿದಳು. ಅವಳ ಅಣ್ಣಂದಿರ ಬಾಗಿಲಲ್ಲಿ ಜೋರಾಗಿ ಹೇಳಿದೆ, ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಹನ್ನೊಂದು ಮನೆ ಆಯಿತು.

ಹಿತ್ತಲಿಗೆ ಹೋದೆ. ಮಹದೇವಿ ಹುಳದ ಮನೆಯ ಮುಂದೆ ಕೂತು ಒಣಗಿದ ಹಿಪ್ಪುನೇರಳೆ ಕಡ್ಡಿ ಮುರಿದು ಒಲೆಗೆ ಕಟ್ಟು ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಮುಗೀತಾ?" ಎಂದಳು.

"ಹೂಂ."

"ಮುಗೀಲಿಲ್ಲ ಅಕ್ಕ. ಬಾವಿ ಆಚೆ ಇನ್ನೂ ಏಳು ಮನೆ ಅವೆ."

ಸೆರಗು ತಲೆ ಮೇಲೆ ಎಳೆದುಕೊಂಡು ಬಾವಿಯ ಕಡೆ ನಡೆದೆ.